ರಂಗಣ್ಣನ ಗಂಟೆ ಬರೆಯಲು ಲಾರಿ ಹತ್ತಿದ ದಿನ

ಲಾರಿಯ ಮೆಟ್ಟಿಲು ನನ್ನ ಮೊಣಕಾಲಿಗಿಂತ ಎತ್ತರದಲ್ಲಿತ್ತು. ಒಂದು ಕೈಯಲ್ಲಿ ಸೀರೆಯ ನೆರಿಗೆ, ಇನ್ನೊಂದರಲ್ಲಿ ರಿಜಿಸ್ಟರು. ಕೊನೆಗೆ ರಿಜಿಸ್ಟರನ್ನು ಸೀಟಿನ ಮೇಲೆ ಎಸೆದು, ಕಂಬಿ ಹಿಡಿದು ಹತ್ತಿಯೇಬಿಟ್ಟೆ. ಬೆಳಗಿನ ಒಂಬತ್ತೂವರೆ. ಪೀಣ್ಯದ ನಮ್ಮ ಕಾರ್ಖಾನೆಯ ಗೇಟಿನಲ್ಲಿ ವಾಚ್‌ಮನ್ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತಿದು. ನಾನಲ್ಲಿ ಟೈಂ ಆಫೀಸಿನ ಗುಮಾಸ್ತೆ. ಯಾರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು ಎಂದು ಬರೆಯುವುದು ನನ್ನ ಕೆಲಸ. ಕಾರ್ಖಾನೆಗೆ ಇದ್ದದ್ದು ಒಂದೇ ಲಾರಿ, ಒಬ್ಬನೇ ಡ್ರೈವರ್. ಆತ ರಜೆ ಹಾಕಿದ ದಿನ ಮಾತ್ರ ಲೇತ್ ಯಂತ್ರದ ರಂಗಣ್ಣ ಲಾರಿ ಓಡಿಸುತ್ತಿದ್ದರು. ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ. ಅವರು ತಂದುಕೊಡುವ ಟ್ರಿಪ್ ಶೀಟಿನಲ್ಲಿ ಎಲ್ಲಿಗೆ ಹೋಗಿಬಂದರೂ ‘ಎಂಟು ಗಂಟೆ’ ಎಂದೇ ಇರುತ್ತಿತ್ತು. ಹಿಂದಿನ ವಾರ ತಪಾಸಣೆಗೆ ಬಂದಿದ್ದ ಅಧಿಕಾರಿ ಅದನ್ನೇ ಹಿಡಿದರು. "ಲೇತ್ ಮೇಲೆ ನಿಂತದ್ದು ಒಂದು ಕಡೆ, ಲಾರಿ ಓಡಿಸಿದ್ದು ಇನ್ನೊಂದು ಕಡೆ ಬರೆದಿದ್ದೀರಿ. ಕೂಡಿಸಿದವರು ಯಾರು? ದಿನಕ್ಕೆ ಒಂಬತ್ತು ಗಂಟೆ ಮೀರೋ ಹಾಗಿಲ್ಲ. ಅಪರೂಪಕ್ಕೆ ಓಡಿಸಿದ್ರೂ ಮೈ ಒಂದೇ ಅಲ್ವೇನ್ರಿ?"

"ಹಾಗಾದ್ರೆ ನೀವೇ ಒಂದ್ಸಲ ಹೋಗಿ ಬರ್ಕೊಂಡು ಬನ್ನಿ," ಎಂದು ಮ್ಯಾನೇಜರ್ ನನಗೆ ಹೇಳಿದ್ದು ಅರ್ಧ ತಮಾಷೆಗೆ. ಅವರು ಮಾತು ಹಿಂತೆಗೆದುಕೊಳ್ಳುವ ಮೊದಲೇ ನಾನು ಒಪ್ಪಿದ್ದೆ. ಅಮ್ಮ "ಲಾರೀಲೇನೇ?" ಎಂದು ಎರಡು ಸಲ ಕೇಳಿ, ಚಿತ್ರಾನ್ನ ಕಟ್ಟಿಕೊಟ್ಟಿದ್ದಳು.

ಹೊಸೂರಿಗೆ ಗೇರ್ ಚಕ್ರಗಳ ಪೆಟ್ಟಿಗೆ ಇಳಿಸಿ, ಸರ್ಜಾಪುರದ ಮೇಲೆ ವೈಟ್‌ಫೀಲ್ಡಿಗೆ ಹೋಗಿ, ಎರಕದ ಮಾಲು ತುಂಬಿಕೊಂಡು ಪೀಣ್ಯಕ್ಕೆ ಮರಳುವುದು ನಮ್ಮ ದಾರಿ. ಊರನ್ನು ಹೊರಗಿನಿಂದ ಒಂದು ಸುತ್ತು ಹಾಕಿದಂತೆ. ನನಗಂತೂ ಹಬ್ಬ.

ಗೊರಗುಂಟೆಪಾಳ್ಯ ದಾಟುವಷ್ಟರಲ್ಲಿ ನಾನು ಮೊದಲ ಸಾಲು ಬರೆದಿದ್ದೆ. ಬೆಳಗ್ಗೆ ಆರರಿಂದ ಒಂಬತ್ತು, ಲೇತ್. ಅರ್ಧ ಗಂಟೆ, ಪೆಟ್ಟಿಗೆ ಏರಿಸಿ ಹಗ್ಗ ಕಟ್ಟಿದ್ದು.

"ಹಗ್ಗ ಕಟ್ಟಿದ್ದೂ ಬರೀತೀರಾ ಮೇಡಂ?" ರಂಗಣ್ಣ ನಕ್ಕರು. ನಲವತ್ತರ ಆಸುಪಾಸಿನ ವಯಸ್ಸು, ರಾಜಗೋಪಾಲನಗರದಲ್ಲಿ ಮನೆ.

"ಕೆಲಸ ತಾನೇ?"

"ಅಂಗಂದ್ರೆ ಉಸಿರಾಡಿದ್ದೂ ಬರ್ಕೊಳ್ಳಿ."

ಲೇತಿನ ಮುಂದೆ ತಲೆ ಬಗ್ಗಿಸಿ ನಿಲ್ಲುವ ಮನುಷ್ಯ ಸ್ಟೇರಿಂಗ್ ಹಿಡಿದರೆ ಬೇರೆಯೇ ಆಗಿಬಿಡುತ್ತಿದ್ದರು. ಬೆನ್ನು ನೆಟ್ಟಗೆ, ಬಾಯಲ್ಲಿ ಹಾಡು. ಹೊಸೂರು ರಸ್ತೆಯ ಎರಡೂ ಬದಿ ರಾಗಿ ಹೊಲ. ಎಲೆಕ್ಟ್ರಾನಿಕ್ಸ್ ಸಿಟಿ ಎಂದರೆ ಆಗ ಬಯಲಿನಲ್ಲಿ ಅಲ್ಲೊಂದು ಇಲ್ಲೊಂದು ಕಟ್ಟಡ. ಅಷ್ಟು ಎತ್ತರದಲ್ಲಿ ಕೂತು ರಸ್ತೆ ನೋಡಿದ್ದು ನಾನು ಅದೇ ಮೊದಲು. ಬಸ್ಸಿನೊಳಗಿದ್ದ ಜನರ ನೆತ್ತಿ ಕಾಣುತ್ತಿತ್ತು! ಚಂದಾಪುರದಲ್ಲಿ ದನದ ಹಿಂಡೊಂದು ಅಡ್ಡ ಬಂದು ಹತ್ತು ನಿಮಿಷ ನಿಂತೆವು. ಅದನ್ನೂ ಓಡಿಸಿದ ಲೆಕ್ಕಕ್ಕೇ ಸೇರಿಸಿದೆ. ಬ್ರೇಕಿನ ಮೇಲೆ ಅವರ ಕಾಲು ಇದ್ದೇ ಇತ್ತಲ್ಲ.

ಹನ್ನೆರಡಕ್ಕೆ ಹೊಸೂರು. ಪೆಟ್ಟಿಗೆ ಇಳಿಸಲು ಮುಕ್ಕಾಲು ಗಂಟೆ. ಅಲ್ಲಿನ ಆಳುಗಳ ಜೊತೆ ರಂಗಣ್ಣನೂ ಹೆಗಲು ಕೊಟ್ಟರು. ಒಂದು ಗಂಟೆಗೆ ಅತ್ತಿಬೆಲೆಗೆ ವಾಪಸ್ ಬಂದು ಊಟಕ್ಕೆ ನಿಂತೆವು. ಅವರಿಗೆ ಮುದ್ದೆ, ಹುರುಳಿಕಾಳಿನ ಸಾರು. ನನಗೆ ಚಿತ್ರಾನ್ನದ ಜೊತೆ ಅದೇ ಸಾರು ಒಂದು ಲೋಟ. ಅರ್ಧ ಗಂಟೆ, ವಿಶ್ರಾಂತಿ. ಆ ದಿನ ಕೂಡಿಸದೆ ಬಿಟ್ಟ ಒಂದೇ ಒಂದು ಅರ್ಧ ಗಂಟೆ ಅದು.

ಅಷ್ಟರಲ್ಲಿ ಬೆಳಗಿನಿಂದ ಮಾಡಿದ ಕೆಲಸದ ಲೆಕ್ಕ ಏಳು ಗಂಟೆಯಾಗಿತ್ತು. ಹೇಳಿದಾಗ ರಂಗಣ್ಣನ ನಗು ನಿಂತಿತು.

"ಮೇಡಂ, ಕೊನೇಲಿ ಎಂಟು ಅಂತ ಬರೆದ್ಬಿಡಿ. ಜಾಸ್ತಿ ಕಂಡ್ರೆ ಇನ್ಮೇಲೆ ಲಾರಿ ಕೊಡಲ್ಲ ನಂಗೆ. ವರ್ಷವೆಲ್ಲಾ ಲೇತ್ ಮುಂದೆ ನಿಂತಿರೋದು ಇಂಥದ್ದೊಂದು ದಿನಕ್ಕೋಸ್ಕರ ಕಣ್ರೀ."

ಪೆನ್ನು ಮುಚ್ಚಿ ಕಿಟಕಿಯಾಚೆ ನೋಡಿದೆ.

ಸರ್ಜಾಪುರದಾಚೆಯ ರಸ್ತೆ ಕಿರಿದು, ಬಿಸಿಲು ಜೋರು. ದೊಮ್ಮಸಂದ್ರದ ಹೊತ್ತಿಗೆ ಹಾಡು ನಿಂತಿತ್ತು. ವರ್ತೂರು ಕೆರೆಯ ಏರಿ ಏರಿದಾಗ ನೀರಿನ ಮೇಲೆ ಕೊಕ್ಕರೆಗಳ ಸಾಲು ಕಂಡು, "ನೋಡಿ ರಂಗಣ್ಣ!" ಎಂದೆ. ಉತ್ತರವಿಲ್ಲ. ತಿರುಗಿದರೆ ಅವರ ಗಲ್ಲ ಎದೆಗೆ ಇಳಿದಿತ್ತು. ಲಾರಿ ಮೆಲ್ಲಗೆ ನೀರಿನ ಕಡೆಗೆ ವಾಲುತ್ತಿತ್ತು.

"ರಂಗಣ್ಣಾ!"

ಅವರು ಬೆಚ್ಚಿ ಸ್ಟೇರಿಂಗ್ ಎಳೆದರು. ಎಡಗಡೆಯ ಗಾಲಿ ಏರಿಯ ಅಂಚಿನ ಕಲ್ಲನ್ನು ಉಜ್ಜಿಕೊಂಡು ಹೋಯಿತು. ಏರಿ ಇಳಿದ ಮೇಲೆ ಗಾಡಿ ನಿಲ್ಲಿಸಿ ಮುಖಕ್ಕೆ ನೀರು ಹಾಕಿಕೊಂಡರು. "ನಾಲ್ಕಕ್ಕೆ ಎದ್ದಿದ್ದೆ," ಎಂದರು, ಅಷ್ಟೇ.

ಸಾಲುಮರಗಳ ನೆರಳಿನ, ಸದ್ದಿಲ್ಲದ ವೈಟ್‌ಫೀಲ್ಡ್ ತಲುಪಿದಾಗ ಮುಕ್ಕಾಲು ಮೂರು. ಎರಕದ ಕಾರ್ಖಾನೆಯವರು ಮಾಲು ತುಂಬಿಸಿ, ಹಗ್ಗ ಬಿಗಿದು ಮುಗಿಸುವಾಗ ಮೂರೂವರೆ. ಒಟ್ಟು ಒಂಬತ್ತು ಗಂಟೆ, ಮುಂದೆ ಇನ್ನೂ ಒಂದೂವರೆ ಗಂಟೆಯ ದಾರಿ. ರಂಗಣ್ಣ ಬಾಗಿಲು ತೆರೆದು ನನಗಾಗಿ ಕಾಯುತ್ತಿದ್ದರು. ನಾನು ನೇರ ಎರಕದ ಕಾರ್ಖಾನೆಯ ಆಫೀಸಿಗೆ ಹೋಗಿ, ಕೇಳಿಕೊಂಡು, ನಮ್ಮ ಮ್ಯಾನೇಜರಿಗೆ ಫೋನ್ ಮಾಡಿದೆ.

"ನಾಳೆ ಫಸ್ಟ್ ಶಿಫ್ಟಿಗೆ ಮಾಲು ಬೇಕಮ್ಮಾ," ಎಂದರು ಅವರು. "ಇನ್ನೊಂದು ಗಂಟೆಯಿಂದ ಏನಾಗತ್ತೆ?"

"ವರ್ತೂರು ಕೆರೆ ಏರಿ ಮೇಲೆ ಕಣ್ಣು ಮುಚ್ಚಿಬಿಟ್ಟಿದ್ರು ಸಾರ್. ನಾನು ಪಕ್ಕದಲ್ಲೇ ಕೂತಿದ್ದೆ."

"ಲಾರಿ ಅಲ್ಲೇ ಬಿಡಿ. ಇಬ್ಬರೂ ಬಸ್ಸಲ್ಲಿ ಬನ್ನಿ," ಎಂದರು.

ಬಸ್ಸಿನಲ್ಲಿ ರಂಗಣ್ಣ ನನ್ನ ಮುಂದಿನ ಸೀಟಿನಲ್ಲಿ ಕೂತರು. "ನನ್ನ ಲಾರಿ ಹೋಯ್ತು ಬಿಡಿ ಮೇಡಂ," ಎಂದರು. ಕೃಷ್ಣರಾಜಪುರ ಬರುವ ಮೊದಲೇ ಅವರ ತಲೆ ಕಿಟಕಿಗೆ ಒರಗಿತು. ಬಸ್ಸು ಹೊಂಡಕ್ಕೆ ಇಳಿದರೂ ಏಳಲಿಲ್ಲ. ಮೆಜೆಸ್ಟಿಕ್ಕಿನಲ್ಲಿ ಕಂಡಕ್ಟರ್ ಭುಜ ಅಲುಗಾಡಿಸಿ ಎಬ್ಬಿಸಬೇಕಾಯಿತು.

ಮರುದಿನ ಬೆಳಗ್ಗೆ ಮ್ಯಾನೇಜರ್ ನನ್ನ ಪುಟವನ್ನು ಬೆರಳಿಟ್ಟು ಓದಿದರು. ಮಾಲಿಲ್ಲದೆ ಎರಡು ಯಂತ್ರ ನಿಂತಿದ್ದವು. ಲೇತ್ ವಿಭಾಗದ ಫೋರ್‌ಮನ್ ಮುಖ ಗಂಟು ಹಾಕಿಕೊಂಡಿದ್ದರು. ರಂಗಣ್ಣ ಬಾಗಿಲ ಬಳಿ ಕೈ ಕಟ್ಟಿ ನಿಂತಿದ್ದರು. ನನಗೆ ಅವರ ಕಡೆ ನೋಡುವ ಧೈರ್ಯವಿರಲಿಲ್ಲ.

ಮ್ಯಾನೇಜರರ ಬೆರಳು ಮೊದಲ ಸಾಲಿಗೇ ವಾಪಸ್ ಬಂತು. "ಲಾರಿ ತಗೊಂಡು ಹೋಗೋನನ್ನ ಬೆಳಗ್ಗೆ ಮೂರು ಗಂಟೆ ಲೇತ್ ಮೇಲೆ ನಿಲ್ಸಿದ್ದು ಯಾರು?"

"ಯಾವಾಗ್ಲೂ ಹಾಗೇ ಸಾರ್," ಎಂದರು ಫೋರ್‌ಮನ್.

"ಇನ್ಮೇಲೆ ಬೇಡ. ಲಾರಿ ಇದ್ದ ದಿನ ಲಾರಿ ಮಾತ್ರ. ಈ ಪುಸ್ತಕ ಹೀಗೇ ಬರೀತಾ ಇರಿ." ಸಹಿ ಹಾಕಿ ತಲೆಯೆತ್ತಿದರು. "ಇನ್ನೂ ಇಲ್ಲೇ ನಿಂತಿದ್ದೀಯಲ್ಲಯ್ಯಾ ರಂಗಣ್ಣ? ವೈಟ್‌ಫೀಲ್ಡ್ ಬಸ್ ಹಿಡಿ, ಗಾಡಿ ತಗೊಂಡ್ಬಾ."

ರಂಗಣ್ಣ ನಡೆದು ಹೋಗಲಿಲ್ಲ, ಓಡಿದರು.

ಮಧ್ಯಾಹ್ನ ಹನ್ನೆರಡೂವರೆಯ ಸುಮಾರಿಗೆ ತುಮಕೂರು ರಸ್ತೆಯ ಕಡೆಯಿಂದ ಹಾರ್ನ್ ಕೇಳಿಸಿತು. ಟೈಂ ಆಫೀಸಿನ ಕಿಟಕಿಗೆ ಬಂದು ನಿಂತೆ. ಧೂಳು ಹೊದ್ದ ಲಾರಿ ಗೇಟಿನೊಳಗೆ ತಿರುಗಿತು. ರಂಗಣ್ಣ ಅರ್ಧ ಮೈ ಹೊರಗೆ ಹಾಕಿ, ಇಡೀ ಕಾರ್ಖಾನೆಗೆ ಕೇಳುವಂತೆ ಕೂಗಿದರು:

"ಮೇಡಂ, ಒಂದೂ ಮುಕ್ಕಾಲು ಗಂಟೆ! ಬರ್ಕೊಳ್ಳಿ!"