ಎತ್ತು ಹುಡುಕಿಕೊಂಡು ಹನೂರಿನಾಚೆಗೆ

ಮಾಂಬಳ್ಳಿಯಿಂದ ಬೆಳಗಿನ ಬಸ್ಸಿಗೆ ಹೊರಟಾಗ ಸೋನೆ ಹಿಡಿದಿತ್ತು. ನನಗೆ ಈ ಪ್ರಯಾಣ ಸುತರಾಂ ಬೇಕಿರಲಿಲ್ಲ. ಆದರೆ ಧನಗೆರೆಯಲ್ಲಿರುವ ನನ್ನ ಬಾಮೈದ ಸಿದ್ದಪ್ಪನ ಜೋಡೆತ್ತು ಕಳುವಾಗಿ ಹತ್ತು ದಿನವಾಗಿತ್ತು. ಮಳೆ ಬಿದ್ದು ಹೊಲ ಹದವಾಗಿತ್ತು, ಉಳಲು ಎತ್ತಿಲ್ಲ. ಅವು ಸಿಗದಿದ್ದರೆ ಆ ವರ್ಷ ಅವನ ಮನೆಯಲ್ಲಿ ರಾಗಿಯೂ ಇಲ್ಲ. ಮೇಷ್ಟ್ರಾದವನ ಕರ್ಮ, ಎಲ್ಲರ ತಾಪತ್ರಯಕ್ಕೂ ಕರೆಯುತ್ತಾರೆ. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದ ಸಿದ್ದಪ್ಪ, "ನೀವ್ ಬಂದ್ರಲ್ಲ ಬಾವ, ಸಾಕು" ಎಂದು ನನ್ನ ಚೀಲ ತೆಗೆದುಕೊಂಡ.

ಹನೂರಿಗೆ ತಲಾ ಮುಕ್ಕಾಲು ರೂಪಾಯಿ. ಬಸ್ಸು ಎರಡು ಕಡೆ ಕೆಟ್ಟು ನಿಂತಿತು. ಹನೂರಿನ ಹೋಟೆಲಿನಲ್ಲಿ ಇಡ್ಲಿ ತಣ್ಣಗಿತ್ತು, ಚಟ್ನಿ ಹಳಸಿತ್ತು. ಹೋಟೆಲಿನವರು ನಮ್ಮ ಕಥೆ ಕೇಳಿ, "ಠಾಣೇಲಿ ಬರ್ಕೊಟ್ಟು ಕುಂತ್ಕಂಡ್ರೆ ಅಷ್ಟೊತ್ಗೆ ಎತ್ತು ಸೇಲಂ ಕಡೆ ಸಂತೇಲಿರ್ತವೆ. ಕಾವಲಿನೋರ್ ತಾವ್ಕೆ ಓಗಿ ಕಣ್ರಿ" ಎಂದರು.

ಗುಡ್ಡದಾಚೆಯ ನಾಲ್ಕೈದು ಹಳ್ಳಿಗಳು ತಾವೇ ಕಾವಲಿನವರನ್ನು ಇಟ್ಟುಕೊಂಡಿದ್ದವು. ಸುಗ್ಗಿಯಲ್ಲಿ ಅವರಿಗೆ ಮನೆಗೊಂದು ಮೊರ ರಾಗಿ. ಅವರ ಗಡಿಯೊಳಗೆ ಯಾರ ಮಾಲು ಸಿಕ್ಕರೂ ಕಳ್ಳನನ್ನೂ ಅವರೇ ಹಿಡಿದು ನಿಲ್ಲಿಸಬೇಕು. ಕಳ್ಳನಿಲ್ಲದಿದ್ದರೆ ರಾಗಿಯೂ ಇಲ್ಲ. ಕೊಳ್ಳೇಗಾಲ ಮದ್ರಾಸು ಬಿಟ್ಟು ಮೈಸೂರಿಗೆ ಸೇರಿ ಏಳೆಂಟು ವರ್ಷವಾಗಿತ್ತು. ಆ ಹಳ್ಳಿಗಳು ಮಾತ್ರ ಇನ್ನೂ ಯಾವ ಸರ್ಕಾರಕ್ಕೂ ಸೇರಿದಂತೆ ಕಾಣಲಿಲ್ಲ.

ಒಂಬತ್ತು ಮೈಲಿ ನಡೆದೆವು. ಚಪ್ಪಲಿಗೆ ಮೆತ್ತಿದ ಕೆಸರು ಕೆರೆದು ಕೆರೆದು ಸಾಕಾಗಿ ಕೊನೆಗೆ ಕೈಯಲ್ಲೇ ಹಿಡಿದುಕೊಂಡೆ. ಇಳಿಹೊತ್ತಿಗೆ ಕಾವಲಿನವರ ಊರು ಸೇರಿದಾಗ ಊರ ಮುಂದೆಯೇ ನಮ್ಮ ಎತ್ತುಗಳನ್ನು ಕಟ್ಟಿದ್ದರು. ಸಿದ್ದಪ್ಪ ಓಡಿಹೋಗಿ ಒಂದರ ಕೊರಳು ತಬ್ಬಿಕೊಂಡು ಗೊಳೋ ಎಂದು ಅತ್ತುಬಿಟ್ಟ.

ಪಕ್ಕದ ಹುಣಸೆ ಮರಕ್ಕೆ ಒಬ್ಬ ನಡುವಯಸ್ಸಿನವನನ್ನು ಕೂರಿಸಿ ಕಟ್ಟಿದ್ದರು. ಮೇಲೊಂದು ಕಂಬಳಿ ಹೊದಿಸಿದ್ದರು, ತಲೆಯಷ್ಟೇ ಕಾಣುತ್ತಿತ್ತು. ಕಾವಲಿನ ಯಜಮಾನ, ಅರ್ಧ ತಮಿಳು ಬೆರೆಸಿ ಮಾತಾಡುವ ಮುದುಕ, ಕಂಬಳಿಯನ್ನು ಅವನ ಬೆನ್ನಿನಿಂದ ಸರಿಸಿ ನಮ್ಮ ಕೈಗೆ ಹುಣಸೆ ಬರಲೊಂದನ್ನು ಕೊಟ್ಟ.

"ಇವ್ನೇ ತಿರುಡನ್, ಕಳ್ಳ. ಮೊದಲ್ನೇ ಏಟು ಮಾಲಿನೋರ್ದು. ಎರಡ್ನೇದು ಜೊತೇಲಿ ಬಂದೋರ್ದು. ಉಳಿದದ್ದು ನೀವ್ ಓದ್ಮೇಲೆ ನಾವ್ ನೋಡ್ಕತೀವಿ."

ಲೆಕ್ಕಾಚಾರ ನನಗೆ ತಿಳಿಯಿತು. ತಾನೇ ಕೈಯೆತ್ತಿದವನು ನಾಳೆ ಪೊಲೀಸರ ಹತ್ತಿರ ಬಾಯಿ ಬಿಡುವುದಿಲ್ಲ.

"ನನ್ನನ್ನ್ಯಾಕಪ್ಪ ಇದಕ್ಕೆ ಎಳೀತೀರಿ?" ಎಂದೆ.

"ಅಂಗಾರೆ ಎತ್ತು ಇಲ್ಲೇ ಇರ್ಲಿ ಬುಡಿ ಸಾ."

ಸಿದ್ದಪ್ಪ ನನ್ನ ಮುಖ ನೋಡಿದ. ಆಮೇಲೆ ಹೊಡೆದ. ನಾನೂ ಹೊಡೆದೆ. ಸ್ಕೂಲಿನಲ್ಲಿ ಪಳಗಿದ ದರಿದ್ರದ ಕೈ, ಏಟು ಜೋರಾಗಿಯೇ ಬಿತ್ತು.

ಇನ್ನೊಂದು ಕಟ್ಟಳೆಯಿತ್ತು. ಕಳ್ಳ ಗಡಿಕಲ್ಲಿನವರೆಗೆ ಬಂದು, ಎತ್ತಿನ ಹಗ್ಗ ಮುಟ್ಟಿ ತಪ್ಪಾಯಿತು ಎನ್ನಬೇಕು. ನಾವು ಎತ್ತು ಹೊಡೆದುಕೊಂಡು ಮುಂದೆ ಹೋಗಿ ಕಲ್ಲಿನ ಹತ್ತಿರ ನಿಂತೆವು. ಊರಿನಿಂದ ಎರಡು ಫರ್ಲಾಂಗೂ ಇರಲಿಲ್ಲ. ಎಷ್ಟು ಹೊತ್ತಾದರೂ ಅವನು ಬಂದು ಮುಟ್ಟಲಿಲ್ಲ. ಎತ್ತುಗಳು ಮೇಯತೊಡಗಿದವು. ಕೊನೆಗೆ ಬಂದ. ಒಂದು ಕಾಲು ತೊಡೆಯಿಂದಲೇ ಒಣಗಿ ಕಡ್ಡಿಯಾಗಿತ್ತು. ಹೆಜ್ಜೆಗೊಮ್ಮೆ ಮಂಡಿಯನ್ನು ಕೈಯಿಂದ ಒತ್ತಿ ಹಿಡಿದು ಎಳೆಯುತ್ತಿದ್ದ.

"ತಪ್ಪಾಯ್ತು ಸಾ" ಎಂದು ಹಗ್ಗ ಮುಟ್ಟಿದ. ಏದುಸಿರು ಬಿಡುತ್ತಿದ್ದ.

"ನೀನು ಧನಗೆರೆ ನೋಡಿದ್ದೀಯೇನಪ್ಪ?" ಎಂದು ಕೇಳಿದೆ.

"ಅದ್ಯಾವ್ ಕಡೆ ಬತ್ತದೆ ಸಾ?"

ಸಿದ್ದಪ್ಪ ನನ್ನ ಪಕ್ಕಕ್ಕೆ ಸರಿದ. "ಬಾವ, ವಾಪಸ್ ಓಗಿ ಇವ್ನಲ್ಲ ಅಂತ ಏಳಾನಾ?" ಎಂದು ಮೆಲ್ಲಗೆ ಕೇಳಿದ.

ಹೇಳಿದರೆ ಎತ್ತು ಕೈತಪ್ಪುತ್ತವೆ. ಹುಣಸೆ ಮರದ ಕೆಳಗೆ ಕಾವಲಿನವರು ನಮ್ಮನ್ನೇ ನೋಡುತ್ತ ನಿಂತಿದ್ದರು. "ನಡಿ, ಹೊತ್ತಾಯ್ತು" ಎಂದೆ. ಹಾಗೆಂದವನು ನಾನೇ, ಸಿದ್ದಪ್ಪನಲ್ಲ.

ತಿರುವಿನಲ್ಲಿ ಒಮ್ಮೆ ಹಿಂದಕ್ಕೆ ನೋಡಿದೆ. ಅವನು ಕಲ್ಲಿನಿಂದ ಹತ್ತು ಮಾರು ಕೂಡ ಹೋಗಿರಲಿಲ್ಲ. ಉಳಿದ ಏಟು ತಿನ್ನಲು ಮಂಡಿ ಒತ್ತಿ ಹಿಡಿದು, ಕಾಲೆಳೆಯುತ್ತ ಊರಿನ ಕಡೆಗೆ ನಡೆಯುತ್ತಿದ್ದ.