ಅಕ್ಕಿ ಗೋದಾಮಿನಲ್ಲಿ ಮಡಚಿದ ಛತ್ರಿ

ನಮ್ಮ ಗಂಗಾವತಿಯಲ್ಲಿ ಏನನ್ನು ಬೇಕಾದರೂ ಬಚ್ಚಿಡಬಹುದು, ತೂಕವನ್ನು ಮಾತ್ರ ಬಚ್ಚಿಡಲಾಗದು. ಭತ್ತದ ಊರು ನೋಡಿ, ಓಣಿಗೊಂದು ಕಾಟಾ ಇರುತ್ತದೆ, ಮತ್ತು ಆ ಕಾಟಾದ ಪಕ್ಕದಲ್ಲಿ ಕಣ್ಣಳತೆಯಲ್ಲೇ ಚೀಲದ ಭಾರ ಹೇಳಬಲ್ಲ ಒಬ್ಬ ಹಮಾಲ ಬೀಡಿ ಹಚ್ಚಿಕೊಂಡು ಕುಳಿತಿರುತ್ತಾನೆ. ಇಂಥ ಊರಿನ ಸೊಸೆಯಾಗಿ, ಅದರಲ್ಲೂ ಅಕ್ಕಿ ವ್ಯಾಪಾರಿಯ ಹೆಂಡತಿಯಾಗಿ, ನಾನು ಕಳೆದ ವರ್ಷ ಫೋನಿನಲ್ಲಿ ಒಬ್ಬ ಅಪರಿಚಿತ ಹೆಂಗಸಿಗೆ ನನ್ನ ತೂಕ ಅರವತ್ತೆರಡು ಕಿಲೋ ಎಂದು ಹೇಳಿದೆ. ನೀವು ಸ್ನೇಹಿತರು, ನಿಮ್ಮ ಮುಂದೆ ಮುಚ್ಚುಮರೆ ಏಕೆ? ಅದು ಸುಳ್ಳು.

ಸೀರೆಯ ಅಂಗಡಿಯಲ್ಲೋ ದರ್ಜಿಯ ಬಳಿಯೋ ಹೇಳಿದ ಸುಳ್ಳಾಗಿದ್ದರೆ ಬಟ್ಟೆ ಬಿಗಿಯಾಗುತ್ತಿತ್ತು, ಅಷ್ಟೇ. ಆದರೆ ಆ ಹೆಂಗಸು ನನಗೆ ಮಾರಲಿದ್ದದ್ದು ಪ್ಯಾರಾಚೂಟು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಾನು ಪಿಯು ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವವಳು. ಇಪ್ಪತ್ತು ವರ್ಷ ಕಪ್ಪುಹಲಗೆಯ ಮೇಲಿನ ಗೋಪುರಗಳಿಂದ ಕಲ್ಲುಗಳನ್ನೂ ಚೆಂಡುಗಳನ್ನೂ ಬೀಳಿಸಿದ್ದೇನೆ, ಪ್ರತಿಸಲವೂ ‘ಗಾಳಿಯ ಪ್ರತಿರೋಧವನ್ನು ನಿರ್ಲಕ್ಷಿಸಿ’ ಎಂದು ಬರೆಸಿದ್ದೇನೆ. ನಾನು ಮಾತ್ರ ಒಮ್ಮೆಯೂ ಬಿದ್ದಿರಲಿಲ್ಲ. ಮೂರು ವರ್ಷದ ಕೆಳಗೆ ಪುಣೆಯ ತಂಗಿಯ ಮನೆಗೆ ಹೋಗಿದ್ದಾಗ, ಅವಳ ಹುಚ್ಚು ಒತ್ತಾಯಕ್ಕೆ, ಬೋಧಕನೊಬ್ಬನ ಹೊಟ್ಟೆಗೆ ಕಟ್ಟಿಸಿಕೊಂಡು ವಿಮಾನದಿಂದ ಧುಮುಕಿದೆ. ಜೀವಮಾನವಿಡೀ ನಿರ್ಲಕ್ಷಿಸಿದ ಗಾಳಿ ಆವತ್ತು ನನ್ನ ಕೆನ್ನೆಗಳನ್ನು ಕಿವಿಯವರೆಗೆ ಎಳೆದು ತನ್ನ ಪರಿಚಯ ಹೇಳಿಕೊಂಡಿತು. ಆಮೇಲೆ ಎರಡು ರಜೆಗಳಲ್ಲಿ ಅಲ್ಲೇ ತರಬೇತಿ ಮುಗಿಸಿ, ಒಬ್ಬಳೇ ಹಾರುವ ಪರವಾನಗಿಯನ್ನೂ ಪಡೆದೆ. ತೊಂದರೆಯೆಂದರೆ ಬಾಡಿಗೆಯ ಸರಂಜಾಮುಗಳೆಲ್ಲ ಆರಡಿಯ ಗಂಡಸರ ಅಳತೆಯವು. ನನ್ನ ಬೆನ್ನಿಗೆ ಬಂದಾಗ ಪಟ್ಟಿಗಳು ಜೋತಾಡಿ, ನಾನು ಹೇರು ಜಾರಿದ ಕತ್ತೆಯಂತೆ ಕಾಣುತ್ತಿದ್ದೆ. ‘ಇನ್ನು ಸ್ವಂತದ್ದು ಕೊಳ್ಳಿ’ ಎಂದರು ಬೋಧಕರು. ಮೊಣಕಾಲು ನೋವಿಗೆ ಹಾರಾಟ ಬಿಟ್ಟಿದ್ದ ನನ್ನೆತ್ತರದ ಒಬ್ಬ ಹೆಂಗಸಿನ ನಂಬರನ್ನೂ ಕೊಟ್ಟರು. ಆಕೆ ಕೇಳಿದ ಮೊದಲ ಪ್ರಶ್ನೆಯೇ ತೂಕ. ಭಾರಕ್ಕೆ ತಕ್ಕಷ್ಟು ಬಟ್ಟೆಯ ಅಗಲ ಇರಬೇಕಂತೆ; ಇಲ್ಲದಿದ್ದರೆ ಇಳಿಯುವ ವೇಗ ಹೆಚ್ಚಾಗಿ ಕಾಲು ಮುರಿಯುತ್ತದೆ. ಇದು ನನಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಇದೇ ಲೆಕ್ಕವನ್ನು ಮಕ್ಕಳಿಗೆ ಐದು ಅಂಕಕ್ಕೆ ಕೊಡುವವಳು ನಾನು. ಆದರೂ ಬಾಯಿಗೆ ಅರವತ್ತೆರಡೇ ಬಂತು.

ಪಕ್ಕದಲ್ಲಿ ಪೇಪರು ಓದುತ್ತಿದ್ದ ನಮ್ಮವರು ತಲೆಯೆತ್ತಿದರು. “ಅರವತ್ತೆರಡು? ಯಾವ ಇಸ್ವಿದು ಅದು?”

ಮಧ್ಯಾಹ್ನ ನನ್ನನ್ನು ಗೋದಾಮಿಗೆ ಕರೆದೊಯ್ದು ಕಾಟಾದ ಮೇಲೆ ನಿಲ್ಲಿಸಿದರು. ಮೂವತ್ತು ವರ್ಷದಿಂದ ನಮ್ಮಲ್ಲಿ ಚೀಲ ಹೊತ್ತ ಮಾಬುಸಾಬ ಕನ್ನಡಕ ಏರಿಸಿ, ಮುಳ್ಳು ನಿಲ್ಲುವವರೆಗೆ ತಾಳ್ಮೆಯಿಂದ ಕಾದು, ಗೌರವದಿಂದಲೇ ಕೇಳಿದ: “ಎಪ್ಪತ್ಮೂರೂವರಿ, ಮೇಡಮ್ಮೋರ. ಚೀಲದ ತೂಕ ಕಳೀಬೇಕೇನ್ರಿ?”

ಚೀಲವೇನೂ ಇರಲಿಲ್ಲ. ಆ ಹೆಂಗಸಿಗೆ ಮತ್ತೆ ಫೋನು ಮಾಡಿ ನಿಜ ಹೇಳಿದೆ. ಆಕೆ ನಗುತ್ತ, ತಾನೂ ಮೊದಲ ಸಲ ಒಂಬತ್ತು ಕಿಲೋ ಕಡಿಮೆ ಹೇಳಿದ್ದಾಗಿಯೂ, ನೆಲ ಅದನ್ನು ನಂಬಲಿಲ್ಲವೆಂದೂ, ತನ್ನ ಮೊಣಕಾಲಿನ ಕಥೆ ಅಲ್ಲಿಂದಲೇ ಶುರುವಾಯಿತೆಂದೂ ಹಿಂದಿಯಲ್ಲಿ ಹೇಳಿದಳು. ಪುಣ್ಯಕ್ಕೆ ಆಕೆಯ ಪ್ಯಾರಾಚೂಟಿನ ಛತ್ರಿ ಎಪ್ಪತ್ಮೂರೂವರೆಯನ್ನೂ ತಾಳುವಷ್ಟು ಅಗಲವಿತ್ತು. ಬೋಧಕರು ಅದನ್ನು ಹೊಲಿಗೆ ಹೊಲಿಗೆ ಬಿಡದೆ ಪರೀಕ್ಷಿಸಿದರು, ವ್ಯವಹಾರ ಕುದುರಿತು, ಹದಿನೈದು ದಿನದಲ್ಲಿ ದೊಡ್ಡದೊಂದು ಡಬ್ಬಿ ಬಸ್ಸಿನಲ್ಲಿ ಗಂಗಾವತಿಗೆ ಬಂದಿಳಿಯಿತು.

ಡಬ್ಬಿ ಬಂದಾಗ ನಾನು ಕಾಲೇಜಿನಲ್ಲಿದ್ದೆ. ಮನೆಯಲ್ಲಿದ್ದವರು ನಮ್ಮ ಅತ್ತೆ ನೀಲವ್ವ. ಯಲಬುರ್ಗಾ ಕಡೆಯ ಹೆಣ್ಣುಮಗಳು, ವಯಸ್ಸು ಎಪ್ಪತ್ತರ ಹತ್ತಿರ, ಜಗತ್ತಿನಲ್ಲಿ ಎರಡೇ ವಿಷಯಗಳ ಮೇಲೆ ಅವರಿಗೆ ಪೂರ್ಣ ವಿಶ್ವಾಸ: ಒಂದು ದೇವಿ ಹುಲಿಗೆಮ್ಮ, ಇನ್ನೊಂದು ಬಟ್ಟೆ ಸೋಪು. ನಾನು ಸಂಜೆ ಬಾಗಿಲು ತೆರೆದಾಗ ನಡುಮನೆಯ ತುಂಬ ನೀಲಿ ಮತ್ತು ಹಳದಿ ನೈಲಾನು ಹರಡಿಕೊಂಡಿತ್ತು, ಬಚ್ಚಲಲ್ಲಿ ನೀರು ಸುರಿಯುವ ಸದ್ದು ಕೇಳುತ್ತಿತ್ತು, ಅತ್ತೆ ಸೀರೆ ಮೇಲೆತ್ತಿ ಕಟ್ಟಿ ಸಿದ್ಧರಾಗಿದ್ದರು.

“ಅರಿವಿ ಭಾಳ ಛಲೋ ಐತಿ ವಿಜಯಾ. ಆದ್ರ ಯಾರೋ ಮಣ್ಣಾಗ ಎಳದಾಡ್ಯಾರ. ಸೋಪಿನ ನೀರಾಗ ಹಾಕಿ ಎರಡ ಏಟು ಬಡದ್ರ ಹೊಳೀತೈತಿ ನೋಡು.”

ನಾನು ಕಿರುಚಿದ ಕಿರುಚಾಟಕ್ಕೆ ಪಕ್ಕದ ಮನೆಯವರು ಹಾವು ಬಂತೆಂದು ಕೋಲು ಹಿಡಿದು ಓಡಿಬಂದರು. ಅತ್ತೆಯ ಕೈಯಿಂದ ಬಟ್ಟೆಯ ತುದಿ ಕಸಿದುಕೊಂಡು, ತೊಳೆದರೆ ಅದರ ಮೇಲಿನ ಲೇಪ ಹೋಗುತ್ತದೆ, ಲೇಪ ಹೋದರೆ ಗಾಳಿ ಸೋರುತ್ತದೆ, ಗಾಳಿ ಸೋರಿದರೆ ನಿಮ್ಮ ಸೊಸೆ ಸೋರಿಹೋಗುತ್ತಾಳೆ ಎಂದು ಏದುಸಿರಿನಲ್ಲಿ ವಿವರಿಸಿದೆ. ಅಲ್ಲಿಯವರೆಗೂ ನಾನು ಅವರಿಗೆ ಏನೂ ಹೇಳಿರಲಿಲ್ಲ ಎನ್ನುವುದು ನನಗೆ ಆಗ ನೆನಪಾಯಿತು. ರಜೆಯಲ್ಲಿ ‘ಟ್ರೇನಿಂಗಿಗೆ’ ಹೋಗುತ್ತೇನೆಂದಷ್ಟೇ ಗೊತ್ತಿತ್ತು. ಮಾಸ್ತರಿಕೆಯವರಿಗೆ ಸದಾ ಏನಾದರೊಂದು ಟ್ರೇನಿಂಗು ಇದ್ದೇ ಇರುತ್ತದಲ್ಲ.

ಅತ್ತೆ ಬಚ್ಚಲಿಗೆ ಹೋಗಿ ನಳ ಬಂದ್ ಮಾಡಿ ಬಂದರು. ಬಟ್ಟೆಯ ಪಕ್ಕದಲ್ಲಿ ಕುಳಿತರು. ಎಲ್ಲವನ್ನೂ ಕೇಳಿದರು. ಬೈಗುಳಕ್ಕೆ ನಾನು ಬೆನ್ನು ಗಟ್ಟಿ ಮಾಡಿಕೊಂಡು ಕಾಯುತ್ತಿದ್ದೆ.

“ನಮ್ಮ ಅಂಜನಾದ್ರಿ ಹನುಮಪ್ಪ ಹಾರ್‍ಯಾನ, ಖರೆ,” ಎಂದರು ಕಡೆಗೆ. “ಆದ್ರ ಅಂವ ಹಾರಿದ್ದು ಮ್ಯಾಲ. ನೀ ಬೀಳೂದು ಕೆಳಗ.” ಮತ್ತೆ ಛತ್ರಿಯ ಬೆನ್ನುಚೀಲವನ್ನು ತಡವಿ, “ಇದರಾಗ ಇನ್ನೊಂದು ಐತೆಲ್ಲ, ಅದ್ಯಾಕ?”

“ಅದು ಮೀಸಲು ಛತ್ರಿರಿ ಅತ್ಯಾರ. ಮೊದಲನೇದು ಬಿಚ್ಚಲಿಲ್ಲಂದ್ರ ಅದು.”

“ಅದೂ ಬಿಚ್ಚಲಿಲ್ಲಂದ್ರ?”

ಇಪ್ಪತ್ತು ವರ್ಷದ ಅಧ್ಯಾಪನದಲ್ಲಿ ಎಷ್ಟೋ ಪ್ರಶ್ನೆಗಳನ್ನು ‘ಇದು ಪಠ್ಯಕ್ರಮದಲ್ಲಿಲ್ಲ’ ಎಂದು ತಳ್ಳಿಹಾಕಿದ್ದೇನೆ. ಅತ್ತೆಯ ಮುಂದೆ ಅದು ನಡೆಯುವಂತಿರಲಿಲ್ಲ. ಅವರು ಮೊಣಕಾಲಿಗೆ ಕೈಯೂರಿ ಎದ್ದು, “ಹಂಗಾದ್ರ ಮೊದಲನೇದನ್ನ ಛಲೋತ್ನಾಗಿ ಮಡಚೂಣು, ಬಾ,” ಎಂದರು.

ಮಡಚುವುದು! ಅದರಷ್ಟು ಮನುಷ್ಯರ ಗರ್ವಭಂಗ ಮಾಡುವ ಕೆಲಸ ಇನ್ನೊಂದಿಲ್ಲ. ಕನ್ನಡದಲ್ಲಿ ಅತಿಜಾಣನನ್ನು ‘ಛತ್ರಿ’ ಎಂದು ಕರೆದವರು ಖಂಡಿತ ಈ ವಸ್ತುವನ್ನು ಒಮ್ಮೆ ಮಡಚಲು ನೋಡಿದ್ದಿರಬೇಕು. ಎಡಗಡೆ ಒತ್ತಿದರೆ ಬಲಗಡೆ ಉಬ್ಬುತ್ತದೆ, ಬಲಗಡೆ ಒತ್ತಿದರೆ ನಡುವೆ ಎದ್ದು ಕೂರುತ್ತದೆ, ಅಂತೂ ಒಳಚೀಲಕ್ಕೆ ತುರುಕಿದೆವು ಎನ್ನುವಾಗ ಬಾಯಿಂದ ಜಾರಿ ಮಡಿಲಿಗೆ ಬೀಳುತ್ತದೆ. ತರಬೇತಿಯ ಮೈದಾನದಲ್ಲಿ ಸಹಾಯಕ್ಕೆ ಜನರಿರುತ್ತಿದ್ದರು. ಇಲ್ಲಿ ಅದನ್ನು ಉದ್ದಕ್ಕೆ ಹಾಸಲು ಜಾಗವೇ ಇರಲಿಲ್ಲ. ಅದಕ್ಕೆ ಭಾನುವಾರಗಳಂದು ಖಾಲಿಯಾದ ಗೋದಾಮಿನಲ್ಲಿ ಮಾಬುಸಾಬ ಕಸ ಹೊಡೆದು ಹೊಸ ತಾಡಪತ್ರಿ ಹಾಸಿಕೊಟ್ಟ. ಹಗ್ಗಗಳ ಬುಡವನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ, ಬೋಧಕರ ವಿಡಿಯೋವನ್ನು ಫೋನಿನಲ್ಲಿ ಹಚ್ಚಿ, ನಾನು ಕೆಲಸಕ್ಕಿಳಿದೆ. ಮೊದಲ ಭಾನುವಾರ ಎರಡು ತಾಸು ಹೋರಾಡಿ ಅದರ ಮೇಲೆಯೇ ಮಕಾಡೆ ಮಲಗಿ ಅತ್ತುಬಿಟ್ಟೆ.

ಹೌದು, ಅಳು ಬಂದುಬಿಟ್ಟಿತು. ಅದು ಬರಿ ಸಿಟ್ಟಿನ ಅಳುವಲ್ಲ. ನನ್ನ ಕೈಯ ಈ ಗಂಟುಮೂಟೆಯನ್ನು ನಂಬಿ ನಾನು ಹಾರಬೇಕು ಎನ್ನುವುದು ಆವತ್ತೇ ಮೊದಲ ಸಲ ಹೊಟ್ಟೆಗಿಳಿದಿತ್ತು. ಬಾಡಿಗೆಯದನ್ನು ಯಾರೋ ಮಡಚಿರುತ್ತಿದ್ದರು. ಯಾರನ್ನೋ ನಂಬುವುದು ಸುಲಭ. ನಮ್ಮನ್ನು ನಾವು ನಂಬುವುದು ಕಷ್ಟ, ಏಕೆಂದರೆ ನಮ್ಮ ಕಳ್ಳಾಟಗಳೆಲ್ಲ ನಮಗೆ ಗೊತ್ತಿರುತ್ತವಲ್ಲ.

ಗೋಡೆಗೊರಗಿ ನೋಡುತ್ತಿದ್ದ ಅತ್ತೆ ಹತ್ತಿರ ಬಂದರು. “ಏಳು ಅತ್ಲಾಗ. ಜೀವನದಾಗ ಒಂದ ಕೌದಿನಾದ್ರೂ ಮಡಚೀಯೇನು? ಗಾಳಿ ಕೂಡ ಜಗಳಾ ಮಾಡಬಾರ್ದು. ಅದಕ್ಕ ಹೊರಗ ಹೋಗಾಕ ದಾರಿ ಕೊಡಬೇಕು.”

ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹೊಲಿದ ನಮ್ಮ ಕಡೆಯ ಕೌದಿಗಳನ್ನು ನೀವು ಕಂಡಿದ್ದರೆ ಬಲ್ಲಿರಿ, ಒಂದೊಂದೂ ಒಂದು ಎಮ್ಮೆಕರುವಿನಷ್ಟು ಭಾರ. ಅಂಥ ಹನ್ನೆರಡನ್ನು ಅತ್ತೆ ಒಂದೇ ಪೆಟ್ಟಿಗೆಯಲ್ಲಿ ಇಟ್ಟವರು. ಈಗ ಅವರು ಮೊಣಕಾಲೂರಿ, ಮೇಲ್ತುದಿಯಿಂದ ಕೆಳಗೆ, ಮಗುವಿನ ಮೈಗೆ ಎಣ್ಣೆ ತಿಕ್ಕುವಂತೆ ಅಂಗೈಯಲ್ಲಿ ಒತ್ತುತ್ತ ಬಂದರು. ಬಟ್ಟೆ ನಿಟ್ಟುಸಿರಿಟ್ಟು ತಣ್ಣಗಾಯಿತು. ಹಗ್ಗಗಳ ಕ್ರಮ ನನ್ನದು, ಗಾಳಿಯ ಲೆಕ್ಕ ಅವರದು. ಪಕ್ಕದಲ್ಲಿ ಮಾಬುಸಾಬ ದಬ್ಬಣ ಕಿವಿಗೆ ಸಿಕ್ಕಿಸಿಕೊಂಡು, ಪಟ್ಟಿಯ ಹೊಲಿಗೆಯ ಮೇಲೆ ಬೆರಳಾಡಿಸಿ, “ಎಂಥಾ ಕೈ ಇರಬೇಕ್ರಿ ಅಮ್ಮಾ ಇದನ್ನ ಹೊಲದವರದು! ನಮ್ಮ ಚೀಲಾ ಇವರ ಕಡೀಂದ ಹೊಲಿಸಿದ್ರ ಒಂದ ಕಾಳೂ ಸೋರಂಗಿಲ್ಲ,” ಎಂದು ತಲೆದೂಗಿದ.

ಉಳಿದದ್ದು ಅಭ್ಯಾಸ. ಬೆನ್ನಿಗೆ ಹೊಂದಿಕೊಳ್ಳಲೆಂದು ಸಂಜೆ ಸಂಜೆ ಮನೆಯಲ್ಲಿ ಅದನ್ನು ಹೊತ್ತುಕೊಂಡೇ ಓಡಾಡಿದೆ. ಬೆನ್ನ ಕಡೆ ಅಷ್ಟು ದಪ್ಪವಾಗಿದ್ದೇನೆಂಬುದನ್ನು ಮರೆತು, ಅಡುಗೆಮನೆಯಲ್ಲಿ ತಿರುಗಿ ಉಪ್ಪಿನಕಾಯಿ ಭರಣಿ ಒಡೆದೆ. ಅಂಗಳದಲ್ಲಿ ನಿಂತು, ಮೊದಲ ಛತ್ರಿ ಕೈಕೊಟ್ಟರೆ ಅದನ್ನು ಕಳಚಿ ಮೀಸಲಿನದನ್ನು ಎಳೆಯುವ ಅಭ್ಯಾಸವನ್ನು, ಹಿಡಿಗಳನ್ನು ಎಳೆದಂತೆ ನಟಿಸುತ್ತ, ದಿನಕ್ಕೆ ಐವತ್ತು ಸಲ ಮಾಡಿದೆ. ಮೇಡಂ ಎದೆ ಬಡಿದುಕೊಳ್ಳುವ ಹೊಸ ಯೋಗ ಶುರುಮಾಡಿದ್ದಾರೆಂದು ಓಣಿಯಲ್ಲಿ ಸುದ್ದಿಯಾಯಿತು. ಇಬ್ಬರು ಹೆಂಗಸರು ಅದು ಶುಗರಿಗೆ ಒಳ್ಳೆಯದೇನು ಎಂದು ವಿಚಾರಿಸಿದರು.

ಚಳಿಗಾಲದ ರಜೆಗೆ ನಾನು ಪುಣೆಗೆ ಹೊರಟು ನಿಂತಾಗ ಅತ್ತೆಯೂ ಚೀಲ ಕಟ್ಟಿ ನಿಂತಿದ್ದರು. “ನಾ ಮಡಚಿದ್ದು ಹೆಂಗ ಬಿಚ್ಚತೈತಿ ನೋಡಬೇಕು,” ಎಂದರು. ನಮ್ಮವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ, ಟಿಕೇಟು ಎರಡಾಯಿತು.

ಮೈದಾನದಲ್ಲಿ ಬೋಧಕರ ಕಣ್ಣೆದುರಿಗೆ ಮತ್ತೊಮ್ಮೆ ಬಿಚ್ಚಿ ಮಡಚಿದೆವು. ಅವರು ಹಗ್ಗ, ಪಿನ್ನು, ಪಟ್ಟಿ ಎಲ್ಲ ನೋಡಿ, ಅತ್ತೆಯ ಕಡೆ ತಿರುಗಿ ಕೈಮುಗಿದರು. ವಿಮಾನ ಏರಿತು. ಬಾಗಿಲು ತೆರೆಯಿತು. ಕೆಳಗೆ ಹೊಲಗಳು ಕೌದಿಯ ತುಂಡುಗಳಂತೆ ಬಿದ್ದುಕೊಂಡಿದ್ದವು. ಹಿಂದಕ್ಕೆ ಹೋಗಿ ಕುಳಿತರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅದನ್ನು ಯೋಚಿಸುತ್ತಿರುವಾಗಲೇ ಕಾಲು ಹೊರಗಿಟ್ಟಿದ್ದೆ.

ಬಿದ್ದೆ. ಎತ್ತರ ತಿಳಿಸುವ ಮಣಿಕಟ್ಟಿನ ಗಡಿಯಾರ ನೋಡಿದೆ, ಬೆನ್ನ ಕೆಳಗಿನ, ದೊಡ್ಡದನ್ನು ಹೊರಗೆಳೆಯುವ ಮರಿಛತ್ರಿಯನ್ನು ಎಳೆದು ಗಾಳಿಗೆ ಬಿಟ್ಟೆ. ಹೆಗಲು ಜಗ್ಗಿತು. ತಲೆಯೆತ್ತಿದರೆ ನೀಲಿ ಹಳದಿ ಬಟ್ಟೆ ಅಗಲವಾಗಿ ಅರಳಿದೆ, ಆದರೆ ಅದರ ಹಗ್ಗಗಳು ನನ್ನ ನೆತ್ತಿಯ ಮೇಲೆ ಜಡೆಯಂತೆ ಹೆಣೆದುಕೊಂಡಿವೆ! ಕೈ ತಾನಾಗಿ ಮೀಸಲು ಹಿಡಿಯ ಹತ್ತಿರ ಹೋಯಿತು. ಎತ್ತರ ನೋಡಿದೆ, ಸಮಯವಿತ್ತು. ಜಗಳ ಮಾಡದೆ, ಹಗ್ಗಗಳನ್ನು ಎರಡೂ ಕೈಯಿಂದ ಅಗಲಿಸಿ, ಸೈಕಲ್ಲು ತುಳಿದಂತೆ ಕಾಲು ಬೀಸಿದೆ. ಒಂದು ಸುತ್ತು, ಎರಡು ಸುತ್ತು, ಮೂರನೆಯದಕ್ಕೆ ಜಡೆ ಬಿಚ್ಚಿತು. ಆಮೇಲೆ ಎಂಥ ಮೌನ! ಗಾಳಿ ನನ್ನನ್ನು ಹೊತ್ತುಕೊಂಡಿತ್ತು, ಎಪ್ಪತ್ಮೂರೂವರೆಯನ್ನೂ. ನಾನು ಜೋರಾಗಿ ನಕ್ಕೆ. ಕೇಳುವವರು ಯಾರೂ ಇರಲಿಲ್ಲ.

ಕುಂಡೆಯ ಮೇಲೆ ಇಳಿದು, ಛತ್ರಿಯನ್ನು ತೆಕ್ಕೆಯಲ್ಲಿ ಬಾಚಿಕೊಂಡು ಓಡಿದೆ. ಅತ್ತೆ ಬೇವಿನ ಗಿಡದ ಕೆಳಗೆ ಮುಖದ ತುಂಬ ಸೆರಗು ಮುಚ್ಚಿಕೊಂಡು ಕುಳಿತಿದ್ದರು.

“ಅತ್ಯಾರ, ನೋಡಿದ್ರೇನ್ರಿ?”

ಸೆರಗು ಸರಿಯಿತು. ಕಣ್ಣುಗಳು ಕೆಂಪಾಗಿದ್ದವು. “ಬಿಚ್ಚಿತೇನವಾ?”

“ಬಿಚ್ಚೇತ್ರಿ. ಅದಕ್ಕ ನಿಮ್ಮ ಮುಂದ ನಿಂತೀನಿ.”

ನನ್ನ ತೋಳು, ಮೊಣಕಾಲು, ಬೆನ್ನು ಎಲ್ಲವನ್ನೂ ಒಂದೊಂದಾಗಿ ಮುಟ್ಟಿ ನೋಡಿದರು. ಮೂಗು ಒರೆಸಿಕೊಂಡರು. “ಅಲ್ಲಾ, ಇಷ್ಟ ದೂರ ರೈಲಿನಾಗ ಕುಂತು ಬಂದು ನೋಡಲಿಲ್ಲಂದ್ರ ಊರಾಗ ಏನಂತ ಹೇಳ್ಲಿ? ಇನ್ನೊಮ್ಮಿ ಹಾರು,” ಎಂದರು.

ಮತ್ತೆ ಮಡಚಿದೆವು, ಮತ್ತೆ ಹಾರಿದೆ. ಈ ಸಲ ಹಗ್ಗಗಳು ನೆಟ್ಟಗೆ ಬಂದವು. ಇಳಿಯುವ ಜಾಗದ ಕಡೆ ತಿರುಗಿ ಕೆಳಗೆ ನೋಡಿದರೆ, ಮೈದಾನದ ನಟ್ಟನಡುವೆ ಒಂದು ಹಸಿರು ಸೀರೆ, ಹುಬ್ಬಿನ ಮೇಲೆ ಕೈಯಿಟ್ಟು, ಕತ್ತನ್ನು ಹಿಂದಕ್ಕೆ ಚೆಲ್ಲಿ ನಿಂತಿದೆ; ಬೋಧಕರು ತೋಳು ಬೀಸುತ್ತ ಅತ್ತ ಓಡುತ್ತಿದ್ದಾರೆ. ನಾನು ಎಡಕ್ಕೆ ತಿರುಗಿದರೆ ನೋಡುವ ಉಮೇದಿನಲ್ಲಿ ಸೀರೆಯೂ ಎಡಕ್ಕೆ ಬರುತ್ತದೆ, ಬಲಕ್ಕೆ ತಿರುಗಿದರೆ ಬಲಕ್ಕೆ.

“ಅತ್ಯಾರ, ಬಾಜೂಕ ಸರೀರಿ!” ಎಂದು ಆಕಾಶದಿಂದ ಕೂಗಿದೆ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವರಿಗೆ ನಾನು ಮೇಲಿನಿಂದ ಹೇಳಿದ ಮೊದಲ ಮಾತು ಅದು.

“ನೀ ಬಾರವಾ, ನಾ ಅದೀನಿ!” ಎಂದು ಅವರು ಎರಡೂ ಕೈ ಚಾಚಿದರು.

ಅತ್ತೆ ಸರಿಯಲಿಲ್ಲ. ನಾನೇ ಸರಿದು ಪಕ್ಕದ ಕಡಲೆಹೊಲದಲ್ಲಿ ಇಳಿದೆ.