ಬೀಗದಕೈ ಕಳೆದುಕೊಳ್ಳುವ ಮೇಷ್ಟ್ರು

ನಮ್ಮ ಬೀದಿಯ ನಿವೃತ್ತ ಡ್ರಾಯಿಂಗ್ ಮೇಷ್ಟ್ರಿಗೆ ಜಿಯೋಕ್ಯಾಶಿಂಗ್ ಎಂಬ ಗೀಳು ಹತ್ತಿದೆ: ಯಾರೋ ಬಚ್ಚಿಟ್ಟ ಡಬ್ಬಿಯನ್ನು ಫೋನಿನ ನಕ್ಷೆ ಹಿಡಿದು ಹುಡುಕಿ, ಒಳಗಿನ ಚೀಟಿಯಲ್ಲಿ ಹೆಸರು ಬರೆದು, ಮತ್ತೆ ಅಲ್ಲೇ ಬಚ್ಚಿಟ್ಟು ಬರುವುದು. "ಇನ್ನು ಮೂರೇ ಮೀಟರು" ಎನ್ನುತ್ತ ಪಾರ್ಕಿನ ಬೆಂಚಿನಡಿ ತೆವಳುತ್ತಾರೆ. ಯಾರಾದರೂ ಕೇಳಿದರೆ ಗುಟ್ಟು ಬಿಡದೆ, "ಬೀಗದಕೈ ಬಿದ್ದೋಯ್ತು ಕಣ್ರೀ" ಎನ್ನುತ್ತಾರೆ. ಅದನ್ನು ನಂಬಿ ಎರಡು ಸಲ ಮಂಡಿಯೂರಿ ಹುಡುಕಿದ ಪೆದ್ದ ನಾನು. ಈಗ ಬೀದಿಯವರು ಎಲ್ಲೇ ಬೀಗದಕೈ ಸಿಕ್ಕರೂ ಅವರ ಮನೆಗೇ ತಂದುಕೊಡುತ್ತಾರೆ. "ಅರವತ್ತಕ್ಕೆ ಅರಳುಮರಳು" ಎಂದು ಮೇಷ್ಟ್ರ ಹೆಂಡತಿ ಗೊಣಗುತ್ತಾರೆ. ಹೋದ ತಿಂಗಳು ಮೇಷ್ಟ್ರು ತಾವೇ ಒಂದು ಡಬ್ಬಿಯನ್ನು ಗುಡ್ಡದ ಮೇಲೆ ಬಚ್ಚಿಟ್ಟರು. ದಿನವೂ ಹತ್ತಿ ನೋಡಿದರೆ ಚೀಟಿ ಖಾಲಿ. ನಿನ್ನೆ ಅದರಲ್ಲಿ, ಮೊಣಕಾಲು ನೋವೆಂದು ಮಹಡಿಯನ್ನೂ ಹತ್ತದ ಹೆಂಡತಿಯ ಅಕ್ಷರ: "ರೀ, ಬೀಗದಕೈ ಸಿಗಲಿಲ್ಲ. ಡಬ್ಬಿ ಸಿಕ್ತು."